ನಾಲ್ಕು ಬೆಣೆಯ ಮೇಜು

ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಇರಬಹುದು, ಆದರೆ ಗೋಡೆ ದೂರ ನಿಂತು ಕೇಳುತ್ತದೆ. ಮನೆಮಂದಿಯ ಮೊಣಕೈ ಭಾರ ಹೊತ್ತು, ಎಲ್ಲರ ನಡುವೆ ನಿಂತು, ಕೇಳಿದ್ದನ್ನು ಯಾರಿಗೂ ಹೇಳದೆ ಇರುವುದು ಊಟದ ಮೇಜು ಒಂದೇ. ಹಳೆಯ ಬಡಗಿಯ ಮನೆಯ ಮೇಜು ನಲವತ್ತು ವರ್ಷ ಹಾಗೆ ಒಂದೇ ಜಾಗದಲ್ಲಿ ನಿಂತು ಕೇಳಿತು. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಮನೆ ಬಿಟ್ಟು ಹೋಯಿತು.

ಬಡಗಿ ಆಗ ಹಾಲು ತರಲು ಹೋಗಿದ್ದ. ಬಂದು ನೋಡಿದರೆ ನಡುಮನೆ ಹಲ್ಲು ಬಿದ್ದ ಬಾಯಿಯಂತೆ ಬಯಲಾಗಿತ್ತು. ನೆಲದ ಮೇಲೆ ನಾಲ್ಕು ಕಾಲು ನಿಂತಿದ್ದ ಕಡೆ ನಾಲ್ಕು ಕಪ್ಪು ಚೌಕ, ನಡುವೆ ಎಂದೋ ಕಳೆದುಹೋಗಿದ್ದ ಒಂದು ಅಂಗಿ ಗುಂಡಿ.

"ಮೇಜೆಲ್ಲಿ?"

ಹೆಂಡತಿ ಒಲೆಯ ಮುಂದಿನಿಂದ ಕತ್ತು ತಿರುಗಿಸದೆ ಹೇಳಿದಳು. "ನಾಟಕಕ್ಕೆ ಹೋಗಿದೆ."

"ಮೇಜು ನಾಟಕ ನೋಡೋಕೆ ಹೋಗುತ್ತಾ?"

"ನೋಡೋಕಲ್ಲ, ಮಾಡೋಕೆ. ನಿಮ್ಮ ಸೊಸೆ ಕಳಿಸಿದಾಳೆ. ನನ್ನ ಮೇಲೆ ಕೂಗ್ಬೇಡಿ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನನ್ನನ್ನೂ ಯಾರೂ ಕೇಳ್ಲಿಲ್ಲ."

ಸೊಸೆ ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವರ್ಷದ ಹಿಂದೆ ಊರಿನ ಹವ್ಯಾಸಿ ನಾಟಕ ತಂಡ ಸೇರಿದ್ದಳು. ತಂಡ ಎಂದರೆ ಅಂಚೆಯವನು, ಕ್ಷೌರಿಕ, ಟೈಪಿಂಗ್ ಕಲಿಸುವ ಮೇಷ್ಟರು, ಮತ್ತೆ ಇವಳು. ವಾಚನಾಲಯದ ಹಿಂದಿನ ಸಭಾಂಗಣದಲ್ಲಿ ಮೂರು ವಾರ ಕಳೆದು ಒಂದು ಭಾನುವಾರ ಮಧ್ಯಾಹ್ನ ನಾಲ್ಕು ಕಿರುನಾಟಕ ಆಡುವುದೆಂದು ನಿಶ್ಚಯವಾಗಿತ್ತು. ನಾಲ್ಕಕ್ಕೂ ಒಂದು ಮೇಜು ಬೇಕಾಗಿತ್ತು.

ಸಂಜೆ ಸೊಸೆ ಬಂದಾಗ ಬಡಗಿ ಬಾಗಿಲಲ್ಲೇ ಕೂತಿದ್ದ.

"ಮೂರೇ ವಾರ ಮಾವ. ಒಂದು ಗೀರೂ ಬೀಳದ ಹಾಗೆ ವಾಪಸ್ ತರಿಸ್ತೀನಿ."

"ಗೀರು ಆಗಲೇ ಬಿದ್ದಿದೆ. ಬಾಗಿಲ ಚೌಕಟ್ಟು ನೋಡು, ಅಡ್ಡ ಮಲಗಿಸಿ ಎಳ್ಕೊಂಡು ಹೋಗಿದಾರೆ."

"ಚೌಕಟ್ಟಿಗೆ ತಾನೆ? ಮೇಜಿಗೆ ಏನೂ ಆಗಿಲ್ಲ."

"ಎರಡನ್ನೂ ಮಾಡಿದ ಕೈ ಒಂದೇ ಕಣಮ್ಮ" ಎಂದು ಬಡಗಿ ಎದ್ದು ಒಳಗೆ ಹೋದ. ಅಂದಿನಿಂದ ಸೊಸೆಯ ಜೊತೆ ನೇರ ಮಾತು ನಿಲ್ಲಿಸಿದ. ಹೇಳಬೇಕಾದ್ದನ್ನು ಮೊಮ್ಮಗಳ ಮೂಲಕ ಹೇಳಿ ಕಳಿಸುತ್ತಿದ್ದ. ಹನ್ನೆರಡು ವರ್ಷದ ಆ ಹುಡುಗಿಗೆ ಮನೆಯಲ್ಲಿ 'ವಾರ್ತೆ' ಎಂದು ಹೆಸರು. ಅಡುಗೆಮನೆಯ ಮಾತನ್ನು ಜಗಲಿಗೆ, ಜಗಲಿಯದನ್ನು ಕೋಣೆಗೆ ಬಿಸಿ ಆರುವ ಮುಂಚೆ ಮುಟ್ಟಿಸುವವಳು ಅವಳು.

ಮೇಜಿಲ್ಲದ ಮನೆಯಲ್ಲಿ ಏನೇನು ಕೆಡುತ್ತದೆ ಎಂಬುದು ಅದು ಹೋದ ಮೇಲೆ ತಿಳಿಯಿತು. ತರಕಾರಿ ಹೆಚ್ಚಲು ಜಾಗವಿಲ್ಲ. ಸೊಸೆ ಬಂದ ಕೂಡಲೆ ಕೈಚೀಲವನ್ನು ಅತ್ತೆಯ ಒಲೆಯ ಕಟ್ಟೆಯ ಮೇಲಿಟ್ಟಳು. ಅತ್ತೆ ಅದನ್ನೆತ್ತಿ ನೆಲಕ್ಕಿಟ್ಟಳು. ಅದರ ಮೇಲೆ ವಾರ್ತೆ ಬೇಳೆಯ ಪಾತ್ರೆ ಇಟ್ಟಳು.

"ನನ್ನ ಚೀಲ ಏನು ಮಣೆಯಾ ಅತ್ತೆ?"

"ನನ್ನ ಒಲೆ ಕಟ್ಟೆ ಏನು ನಿನ್ನ ಅಂಗಡಿ ಕಪಾಟಾ? ಮೇಜು ಇದ್ದಾಗ ಮೇಜಿನ ಮೇಲಿಡ್ತಿದ್ದೆ. ಕಳಿಸಿದ್ದು ಯಾರು?"

ಎಲ್ಲರೂ ನೆಲದ ಮೇಲೆ ಊಟ ಮಾಡಿದರು. ಬಡಗಿಯ ಮೊಣಕಾಲು ಮಡಚಲು ಒಪ್ಪಲಿಲ್ಲ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಮಗ ಹಲಗೆ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅಪ್ಪನ ಅವಸ್ಥೆ ನೋಡಲಾರದೆ ಹೇಳಿದ, "ನಮ್ಮಂಗಡೀಲಿ ಮಡಚೋ ಮೇಜಿದೆ ಅಪ್ಪ. ನಾಳೆ ತರ್ಲಾ?"

"ಮರದ ಹೊಟ್ಟು ಅಂಟಿಸಿ ಹಲಗೆ ಅಂತಾರಲ್ಲ, ಅದಾ?"

"ಎಲ್ಲರ ಮನೇಲೂ ಈಗ ಅದೇ."

"ಎಲ್ಲರ ಮನೇಲೂ ಕೆಮ್ಮಿದೆ ಅಂತ ನಾವೂ ಕೆಮ್ಮಬೇಕಾ? ಬಕೆಟ್ಟೇ ಸಾಕು."

ಎರಡನೆಯ ವಾರ ವಾರ್ತೆ ಒಂದು ದೊಡ್ಡ ಸುದ್ದಿ ತಂದಳು. ಬಡಗಿ ಹಿತ್ತಿಲಲ್ಲಿ ತನ್ನ ಮರದ ಕೊಡತಿ ಹುಡುಕುತ್ತಿದ್ದ. ಉಳಿಯ ತಲೆಗೆ ಹೊಡೆಯುವ ಆ ಕೊಡತಿ ಒಂದು ವಾರದಿಂದ ಕಾಣೆಯಾಗಿತ್ತು.

"ತಾತ, ನಾವು ಬೇರೆ ಮನೆಗೆ ಹೋಗ್ತೀವಂತೆ. ಅಮ್ಮ ಅಪ್ಪಂಗೆ ಹೇಳ್ತಿದ್ಲು, 'ನಾಟಕ ಮುಗೀಲಿ, ಆಮೇಲೆ ಹೋಗಿಬಿಡೋಣ, ಇನ್ನು ಈ ಮನೇಲಿ ಆಗಲ್ಲ' ಅಂತ."

ಬಡಗಿಯ ಕೈಯಲ್ಲಿದ್ದ ಡಬ್ಬಿಯಿಂದ ಮೊಳೆಗಳು ಚೆಲ್ಲಿದವು. ಅವನು ಮಗನನ್ನು ಕೇಳಿದ. ಮಗ, "ನೋಡೋಣ ಅಪ್ಪ, ಏನೂ ಗಟ್ಟಿಯಾಗಿಲ್ಲ, ಹಾಗಂತ ಇಲ್ಲ ಅಂತಲೂ ಅಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಕೊನೆಗೆ ಬಡಗಿ ಪಣ ಮುರಿದು ಸೊಸೆಯನ್ನೇ ಕೇಳಿದ.

"ಬೇರೆ ಮನೆ ಮಾಡ್ತಿದೀರಂತೆ. ನಿಜವಾ?"

ಸೊಸೆ ಬಚ್ಚಲಲ್ಲಿ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ಮಾವನ ಮುಖ ನೋಡಿದ ಕೂಡಲೆ ಹೇಳಬೇಕಾದ ಮಾತು ಅಲ್ಲೇ ಸಿಕ್ಕಿಕೊಂಡಿತು. ಬಾಯಿಗೆ ಬಂದದ್ದು ಬೇರೆಯದೇ.

"ಅದಾ? ಅದು ನಾಟಕದ ಮಾತು ಮಾವ. ಮನೇಲಿ ಹೇಳಿ ಹೇಳಿ ರೂಢಿ ಮಾಡ್ಕೋತಿದ್ದೆ. ಭಾನುವಾರ ಬಂದು ನೋಡಿ, ಎಲ್ಲ ಗೊತ್ತಾಗುತ್ತೆ."

ಬಡಗಿ ಜನ್ಮದಲ್ಲಿ ನಾಟಕ ನೋಡಿದವನಲ್ಲ. ಆದರೆ ಬಂದು ನೋಡಿದರೆ ಎಲ್ಲ ಗೊತ್ತಾಗುತ್ತದೆ ಎಂದು ಹೇಳಿದ ಮೇಲೆ, ನೋಡದೆ ಬಿಡುವುದು ಹೇಗೆ? ಅಂದು ಮಲಗುವ ಮುಂಚೆ ಮೇಲಿನವನಿಗೆ ಕೈಮುಗಿದು ಎಂದಿನ ಬೇಡಿಕೆಗಳ ಕೊನೆಗೆ ಇನ್ನೊಂದನ್ನು ಸೇರಿಸಿದ: "ಆ ನಾಟಕದಲ್ಲಿ ಅವಳು ಹೋಗದೆ ಇರೋ ಹಾಗೆ ನೋಡ್ಕೋ."

ಭಾನುವಾರ ಮಧ್ಯಾಹ್ನ ಸಭಾಂಗಣದಲ್ಲಿ ಸುಮಾರು ಎಂಬತ್ತು ಜನ ಕಬ್ಬಿಣದ ಕುರ್ಚಿಗಳಲ್ಲಿ ಕೂತು ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಆ ಕಾಗದದಲ್ಲಿ ನಾಲ್ಕೂ ನಾಟಕಗಳ ಹೆಸರು ಅಚ್ಚಾಗಿತ್ತು. ಬಡಗಿ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ. ಟೈಪಿಂಗ್ ಮೇಷ್ಟರು ಮೈಕಿನಲ್ಲಿ ಏನೋ ಹೇಳಿದರು, ಆದರೆ ಮೈಕು ಬಾಯಿ ಮುಕ್ಕಳಿಸಿದ ಹಾಗೆ ಗೊಳಗೊಳ ಎಂದಿತು. ಪರದೆ ಮೇಲೆದ್ದಿತು.

ನಡುವೆ ಮೇಜು. ಅವನ ಮೇಜು. ಬೆಳಕಿನಲ್ಲಿ ಅದು ಮನೆಯಲ್ಲಿದ್ದಾಗಿನದಕ್ಕಿಂತ ದೊಡ್ಡದಾಗಿ ಕಂಡಿತು.

ಮೇಜಿನ ಒಂದು ಬದಿಗೆ ಅಂಚೆಯವನು ಗಂಡನಾಗಿ ಕೂತಿದ್ದ, ಇನ್ನೊಂದು ಬದಿಗೆ ಸೊಸೆ ಹೆಂಡತಿಯಾಗಿ. ಮಾತಿಗೆ ಮಾತು ಬೆಳೆಯಿತು, ಊಟ ಆರಿತು. ಅವಳು ಎದ್ದು ಪೆಟ್ಟಿಗೆ ತೆಗೆದುಕೊಂಡು ಬಾಗಿಲು ದಾಟಿ ಹೋದಳು. ಪರದೆ ಬಿತ್ತು. ಜನ ಚಪ್ಪಾಳೆ ತಟ್ಟಿದರು.

"ನೋಡಿದೆಯಾ? ಹೋಗೇಬಿಟ್ಲು" ಎಂದ ಬಡಗಿ. "ಇದಕ್ಕೆ ಚಪ್ಪಾಳೆ ಬೇರೆ."

"ಸುಮ್ನೆ ಕೂತ್ಕೊಳ್ರಿ. ಅದು ಮುಗೀತು, ಈಗ ಬೇರೆ ನಾಟಕ" ಎಂದಳು ಹೆಂಡತಿ.

"ಮೇಜು ಅದೇ, ಹೆಂಗಸು ಅದೇ, ಕಥೆ ಹೇಗೆ ಬೇರೆಯಾಗುತ್ತೆ?"

ಪರದೆ ಮತ್ತೆ ಎದ್ದಾಗ ಮೇಜಿಗೆ ಕರಿ ಬಟ್ಟೆ ಹೊದಿಸಿತ್ತು. ಸೊಸೆ ಕರಿ ನಿಲುವಂಗಿ ತೊಟ್ಟು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿದ್ದಳು. ಬಡಗಿಗೆ ಸ್ವಲ್ಪ ಸಮಾಧಾನವಾಯಿತು. ಮನೆ ಬಿಟ್ಟು ಹೋದವಳು ಓದಿ ದೊಡ್ಡ ಕೆಲಸಕ್ಕೆ ಬಂದಿದ್ದಾಳೆ, ಪರವಾಗಿಲ್ಲ. ಆದರೆ ಅಂಚೆಯವನು ಪೊಲೀಸು ಟೋಪಿ ಹಾಕಿಕೊಂಡು ಅವಳೆದುರೇ ನಿಂತಿದ್ದರೂ ಗಂಡ ಹೆಂಡಿರು ಒಬ್ಬರನ್ನೊಬ್ಬರು ಗುರುತು ಹಿಡಿಯಲಿಲ್ಲ. ಅಷ್ಟೊಂದು ಕೋಪವೇ? ಕೊಡೆ ಕದ್ದ ಕ್ಷೌರಿಕ ಕಟಕಟೆಯಲ್ಲಿ ನಿಂತು ಬೇಡಿಕೊಳ್ಳುತ್ತಿದ್ದ. ಸೊಸೆ 'ನಿಶ್ಶಬ್ದ!' ಎಂದು ಮೇಜಿಗೆ ಸುತ್ತಿಗೆ ಬಡಿದಳು.

"ನನ್ನ ಕೊಡತಿ!" ಎಂದ ಬಡಗಿ ಗಟ್ಟಿಯಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರು. "ಎರಡು ವಾರದಿಂದ ಹುಡುಕ್ತಿದೀನಿ."

ಮೂರನೆಯ ಸಲ ಮೇಜಿನ ಮೇಲೆ ಬಿಳಿ ಹಾಸು. ಅದರ ಮೇಲೆ ಸೊಸೆಯೇ ಮಲಗಿದ್ದಳು. ಕೊಡೆ ಕದ್ದವನು ಈಗ ಡಾಕ್ಟರು. ಅವನು ನಾಡಿ ಹಿಡಿದು ತಲೆಯಾಡಿಸಿ ಹಾಸನ್ನು ಅವಳ ಮುಖದ ಮೇಲೆಳೆದ. ಅಂಚೆಯವನು ಟೋಪಿ ಇಲ್ಲದೆ ಬಂದು ಕುಸಿದು ಕೂತು ಅತ್ತ. ಈಗ ಬಂದ ನೋಡು, ಎಂದುಕೊಂಡ ಬಡಗಿ. ಇಷ್ಟು ದಿನ ಎಲ್ಲಿದ್ದ? ಅವನಿಗೆ ತನ್ನ ಕಣ್ಣೂ ಮಂಜಾದದ್ದು ತಿಳಿಯಲಿಲ್ಲ. ಅರ್ಧ ಎದ್ದು ನಿಂತ.

ಹೆಂಡತಿ ಅವನ ಅಂಗಿ ಹಿಡಿದು ಜಗ್ಗಿದಳು. "ಹೊಟ್ಟೆ ನೋಡ್ರಿ, ಮೇಲೆ ಕೆಳಗೆ ಆಡ್ತಿದೆ. ಉಸಿರಾಡ್ತಿದಾಳೆ."

"ಮತ್ತೆ ಆ ಡಾಕ್ಟರಿಗೆ ಯಾಕೆ ಕಾಣಲ್ಲ?"

ನಾಲ್ಕನೆಯ ಸಲ ಪರದೆ ಎದ್ದಾಗ ಅವನ ತಲೆ ಪೂರ್ತಿ ಕೆಟ್ಟುಹೋಯಿತು. ಸತ್ತವಳು ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಪಾಲು ಕೇಳುತ್ತಿದ್ದಳು. ಕ್ಷೌರಿಕ ಅಣ್ಣ, ಅಂಚೆಯವನು ತಮ್ಮ. ಇಬ್ಬರೂ ಮನೆ ಹಂಚಿಕೊಳ್ಳುತ್ತಿದ್ದರು. ದೀಪ ನಿನಗೆ, ಬತ್ತಿ ನನಗೆ. ಕೊಡ ನಿನಗೆ, ಮುಚ್ಚಳ ನನಗೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಬಡಗಿ ನಗಲಿಲ್ಲ.

"ಮೇಜು?" ಎಂದ ತಮ್ಮ.

"ಅರ್ಧ ನಿನಗೆ, ಅರ್ಧ ನನಗೆ!" ಎಂದು ಅಣ್ಣ ಗರಗಸ ಎತ್ತಿದ.

ತಂಡದವರು ಮಾತಾಡಿಕೊಂಡಿದ್ದು ಇಷ್ಟೇ: ಕ್ಷೌರಿಕ ಗರಗಸವನ್ನು ಮೇಜಿನ ಮೇಲಿಡಬೇಕು, ಅದು ಮರಕ್ಕೆ ತಾಗುವಷ್ಟರಲ್ಲಿ ಪರದೆ ಬೀಳಬೇಕು. ಆದರೆ ಪರದೆಯ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತು. ಮೇಷ್ಟರು ಪಕ್ಕದಲ್ಲಿ ನಿಂತು ಜಗ್ಗಿದರು, ನೇತಾಡಿದರು. ಪರದೆ ಅಲುಗಲಿಲ್ಲ. ಎಂಬತ್ತು ಜೊತೆ ಕಣ್ಣು ತನ್ನನ್ನೇ ನೋಡುತ್ತಿರಲು ಕ್ಷೌರಿಕನಿಗೆ ಏನು ಮಾಡಬೇಕೋ ತೋಚಲಿಲ್ಲ. ಒಂದು ಸಲ ಗರಗಸ ಎಳೆದ. ಕರ್ ಎಂದಿತು. ಇನ್ನೊಂದು ಸಲ ಎಳೆದ.

"ಏಯ್!"

ಬಡಗಿ ಯಾವಾಗ ಎದ್ದನೋ, ಯಾವಾಗ ಮೆಟ್ಟಿಲು ಹತ್ತಿದನೋ, ಅವನ ಹೆಂಡತಿಗೂ ಕಾಣಲಿಲ್ಲ.

"ಕತ್ತರಿ ಹಿಡಿಯೋ ಕೈಗೆ ಗರಗಸ ಕೊಟ್ಟವರ್ಯಾರು? ಹೀಗಾ ಹಿಡಿಯೋದು? ಇದೇನು ಗಿರಾಕಿ ಗಡ್ಡವಾ?"

ಜನ ಸಭಾಂಗಣ ಹಾರಿಹೋಗುವಂತೆ ನಕ್ಕರು. ಮುದುಕ ಎಷ್ಟು ಚೆನ್ನಾಗಿ ಪಾತ್ರ ಮಾಡುತ್ತಾನೆ ಎಂದರು. ಬಡಗಿ ಗರಗಸ ಕಸಿದು ಕೆಳಗಿಟ್ಟ.

"ಎರಡಾಗ್ಬೇಕು, ತಾನೆ? ಅದಕ್ಕೆ ಕೊಯ್ಯೋದ್ಯಾಕೆ? ಕೊಡತಿ ಎಲ್ಲಿ?"

ಸೊಸೆ ಪಕ್ಕಕ್ಕೆ ಓಡಿ ನ್ಯಾಯಾಧೀಶರ ಸುತ್ತಿಗೆ ತಂದು ಅವನ ಕೈಗೆ ಕೊಟ್ಟಳು. ಬಡಗಿ ಮಡಚಲೊಲ್ಲದ ಮೊಣಕಾಲು ಮಡಚಿ ಮೇಜಿನಡಿ ನುಗ್ಗಿದ.

ಆ ಮೇಜು ಎರಡು ಅರ್ಧಗಳದ್ದು ಎಂಬುದು ಹೆಂಡತಿಗೆ ಮರೆತೇಹೋಗಿತ್ತು, ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಮೂರನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದ. ಮೆಟ್ಟಿಲು ಕಿರಿದು, ಬಾಗಿಲು ಇನ್ನೂ ಕಿರಿದು. ಹಾಗಾಗಿ ಎರಡೆರಡು ಕಾಲಿನ ಎರಡು ಅರ್ಧ ಮಾಡಿ, ಅಡಿಯಲ್ಲಿ ಅಡ್ಡಪಟ್ಟಿ ಕೊಟ್ಟು, ನಾಲ್ಕು ಮರದ ಬೆಣೆ ಬಡಿದು ಕೂಡಿಸಿದ್ದ. ಒಂದು ಮೊಳೆಯಿಲ್ಲ, ಒಂದು ತೊಟ್ಟು ಅಂಟಿಲ್ಲ. ಈ ಮನೆಗೆ ಬಂದು ಜೋಡಿಸಿದ ಮೇಲೆ ಮಗ ಹುಟ್ಟಿದ. ಮೇಜು ಮತ್ತೆ ಬಿಚ್ಚುವ ಸಂದರ್ಭ ಬರಲಿಲ್ಲ.

ಟಕ್, ಟಕ್. ಮೊದಲ ಬೆಣೆ ಉದುರಿತು. ಎರಡು, ಮೂರು. ನಾಲ್ಕನೆಯದು ಬಹಳ ಹೊತ್ತು ಹಟ ಮಾಡಿತು. ಕೊನೆಗೆ ಮೇಜು ಉಸಿರು ಬಿಟ್ಟಂತೆ ಸದ್ದು ಮಾಡಿ ನಡುವೆ ಸೀಳಿತು. ಬೀಳಲಿದ್ದ ಒಂದು ಅರ್ಧವನ್ನು ಕ್ಷೌರಿಕ ಹಿಡಿದ, ಇನ್ನೊಂದನ್ನು ಅಂಚೆಯವನು. ಗರಗಸದ ಗಾಯ ಎಡಗಡೆಯ ಅರ್ಧದ ಅಂಚಿನಲ್ಲಿ ಬೆರಳಗಲ ಇತ್ತು. ಜನರ ನಗು ನಿಂತಿತ್ತು.

ಬಡಗಿ ಎದ್ದು ನಿಂತು ಸೊಸೆಯ ಕಡೆ ತಿರುಗಿದ.

"ಈಗ ಹೇಳು. ಹೋದೆ, ಜಡ್ಜಾದೆ, ಸತ್ತೆ, ಎದ್ದು ಬಂದೆ. ಇಷ್ಟು ಹೊತ್ತು ಕೂತು ನೋಡಿದ್ರೂ ನನಗೆ ತಲೆ ಬುಡ ಗೊತ್ತಾಗ್ಲಿಲ್ಲ. ನೀವು ಹೋಗೋದು ನಿಜವಾ, ಸುಳ್ಳಾ?"

ಸೊಸೆ ಒಂದು ಸಲ ಜನರನ್ನು ನೋಡಿದಳು, ಒಂದು ಸಲ ಎರಡಾದ ಮೇಜನ್ನು. ಬಚ್ಚಲಲ್ಲಿ ಸಿಕ್ಕಿಕೊಂಡಿದ್ದ ಮಾತು ಎಂಬತ್ತು ಜನರ ಮುಂದೆ ಹೊರಬಿತ್ತು.

"ನಿಜ ಮಾವ. ಒಂದನೇ ತಾರೀಕಿಗೆ."

"ಅಷ್ಟು ಹೇಳೋಕೆ ಇಷ್ಟೆಲ್ಲ ಬಣ್ಣ ಬಳ್ಕೋಬೇಕಿತ್ತಾ?" ಎಂದ ಬಡಗಿ. ಆಗ ಹಗ್ಗ ಬಿಟ್ಟು, ಪರದೆ ಧೊಪ್ಪನೆ ಬಿತ್ತು. ಹೊರಗೆ ಚಪ್ಪಾಳೆ ನಿಲ್ಲಲೇ ಇಲ್ಲ.

ಎರಡು ಅರ್ಧಗಳು ಸಂಜೆಯೇ ಕೈಗಾಡಿಯಲ್ಲಿ ಮನೆಗೆ ಬಂದವು. ಬಡಗಿ ಬೆಣೆಗಳನ್ನು ಜೇಬಿಗೆ ಹಾಕಿಕೊಂಡಿದ್ದ, ಮೇಜು ಕೂಡಿಸಲಿಲ್ಲ. ಆ ಸಂಜೆಯ ಊಟ ಮತ್ತೆ ನೆಲದ ಮೇಲೆ.

ಅತ್ತೆ ಬೇಳೆ ಬಡಿಸುತ್ತ ಹೇಳಿದಳು, "ನಮ್ಮನ್ನ ಊರಿನ ಮುಂದೆ ನಿಲ್ಲಿಸಿದೆಯಲ್ಲಮ್ಮ. ಬೀದಿಲೆಲ್ಲ ಅದೇ ಮಾತು."

"ನಾನೆಲ್ಲಿ ನಿಲ್ಲಿಸಿದೆ ಅತ್ತೆ? ಮಾವನೇ ಬಂದು ನಿಂತ್ರು."

"ಯಾಕೆ ಹೋಗ್ಬೇಕು? ಇಲ್ಲೇನು ಕಮ್ಮಿ?"

"ಕೋಣೆ ಕಮ್ಮಿ. ಇವಳಿಗೆ ಹನ್ನೆರಡು ತುಂಬ್ತು, ಇನ್ನೂ ನಮ್ಮಿಬ್ಬರ ನಡುವೆ ಮಲಗ್ತಾಳೆ. ಅಂಗಡಿಗೆ ಎರಡು ಬಸ್ಸು ಬದಲಾಯಿಸ್ತೀನಿ. ಬಂದ್ರೆ ಚೀಲ ಇಡೋಕೆ ಜಾಗ ಇಲ್ಲ."

"ಚೀಲದ ವಿಷಯ ತೆಗೀಬೇಡ."

ಮಗ ಬಾಯಿ ತೆರೆದ. ಬಡಗಿ ಬಕೆಟ್ಟಿನ ಮೇಲಿಂದ ಕೈಯೆತ್ತಿದ. "ನೀನು ಸುಮ್ನಿರು. ನೀನು ಮಾತಾಡಿದ್ರೆ ಇನ್ನೂ ಕತ್ತಲಾಗುತ್ತೆ. ಅವಳು ನೇರವಾಗಿ ಹೇಳ್ತಿದಾಳೆ, ಕೇಳೋಣ."

ವಾರ್ತೆಗೆ ಆ ದಿನ ಸಾಗಿಸಲು ಸುದ್ದಿಯೇ ಉಳಿಯಲಿಲ್ಲ.

ಒಂದನೇ ತಾರೀಕು ಗಾಡಿ ಬಂತು. ಹಾಸಿಗೆ, ಪೆಟ್ಟಿಗೆ, ಪಾತ್ರೆ ಎಲ್ಲ ಏರಿದ ಮೇಲೆ ಬಡಗಿ ಮೇಜಿನ ಒಂದು ಅರ್ಧವನ್ನು ತಾನೇ ಹೊತ್ತು ತಂದ. ಗರಗಸದ ಗಾಯವಿಲ್ಲದ ಅರ್ಧ.

"ಬೇಡ ಮಾವ. ನಿಮಗೆ ಬೇಕಾಗುತ್ತೆ."

"ಪಾಲು ಪಾಲೇ. ಹಿಡ್ಕೋ ಆ ಕಡೆ."

ಹೋದವರ ಮನೆ ಹೇಗಿರುತ್ತದೋ ಎಂಬ ಚಿಂತೆಯಲ್ಲಿ ಬಡಗಿಗೆ ಮೊದಲ ದಿನ ಊಟ ಸೇರಲಿಲ್ಲ. ಉಳಿದ ಅರ್ಧ ಮೇಜು ಎರಡೇ ಕಾಲಿನದು, ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುತ್ತಿತ್ತು. ಮರುದಿನ ಮುದುಕ ಮುದುಕಿ ಪಕ್ಕಪಕ್ಕ ಕೂತು ಗೋಡೆ ನೋಡುತ್ತ ಉಂಡರು.

"ನಲವತ್ತು ವರ್ಷ ನಿಮ್ಮ ಮುಖ ನೋಡ್ಕೊಂಡು ಉಂಡೆ" ಎಂದಳು ಹೆಂಡತಿ. "ಈಗ ಗೋಡೆ. ರುಚಿಯಲ್ಲೇನೂ ವ್ಯತ್ಯಾಸ ಇಲ್ಲ."

"ಅಲ್ಲಿ ಅವರದ್ದು ನಿಂತಿದೆಯೋ ಇಲ್ಲವೋ."

"ಹೋಗಿ ನೋಡ್ಕೊಂಡು ಬನ್ನಿ. ಯಾರು ಬೇಡ ಅಂದ್ರು?" ಅವಳು ಒಂದು ಡಬ್ಬಿಗೆ ಬೇಯಿಸಿದ ಆಲೂಗಡ್ಡೆ ತುಂಬಿಸಿ ಮುಂದೆ ತಳ್ಳಿದಳು. "ಇದನ್ನೂ ಒಯ್ಯಿರಿ. ಆ ಚೀಲದವಳಿಗೆ ನಾನು ಕಳಿಸಿದೆ ಅಂತ ಹೇಳೋದೇನೂ ಬೇಡ."

ಭಾನುವಾರ ಬಡಗಿ ಎರಡು ಬಸ್ಸು ಬದಲಾಯಿಸಿ ಹೋದ. ಹೊಸ ಮನೆಯಲ್ಲಿ ಎರಡು ಕೋಣೆ. ವಾರ್ತೆ ತನ್ನ ಕೋಣೆಯ ಬಾಗಿಲನ್ನು ಮೂರು ಸಲ ಮುಚ್ಚಿ ತೆರೆದು ತೋರಿಸಿದಳು. ಅರ್ಧ ಮೇಜು ಅಡುಗೆಮನೆಯ ಗೋಡೆಗೆ ಒರಗಿತ್ತು. ಅದರ ಮೇಲೆ ಸೊಸೆಯ ಕೈಚೀಲ.

"ಇನ್ನೆರಡು ಕಾಲು ಮಾಡಿಕೊಡ್ತೀನಿ" ಎಂದು ಬಡಗಿ ಅಳತೆ ಟೇಪು ತೆಗೆದ. ಸೊಸೆ ಟೇಪಿನ ಒಂದು ತುದಿಯನ್ನು ನೆಲಕ್ಕೊತ್ತಿ ಹಿಡಿದಳು. ಅಳತೆ ತೆಗೆದುಕೊಂಡು, ಊಟ ಮಾಡಿ, ಖಾಲಿ ಡಬ್ಬಿ ಹಿಡಿದು ಅವನು ಹೊರಟ.

ಎರಡು ಕಾಲು ಮಾಡಲು ಅಂಥ ಬಡಗಿಗೆ ಅರ್ಧ ದಿನ ಸಾಕು. ಅದು ಸೊಸೆಗೂ ಗೊತ್ತಿತ್ತು. ಎರಡನೆಯ ಭಾನುವಾರ ಅವನು ನೆಲ ಇಳಿಜಾರು ಇರಬಹುದು ಎಂದು ಮತ್ತೆ ಅಳೆದ. ಮೂರನೆಯ ಭಾನುವಾರ, ಮರ ಇನ್ನೂ ಹಸಿ, ಒಣಗಿದರೆ ಕುಗ್ಗುತ್ತದೆ ಎಂದು ಅಳೆದ. ಪ್ರತಿಸಲವೂ ಸೊಸೆ ನೆಲಕ್ಕೆ ಕೂತು ಟೇಪಿನ ತುದಿ ಹಿಡಿದಳು. ಪ್ರತಿಸಲವೂ ಅವನು ನಾಟಕದ ಬಗ್ಗೆ ಒಂದೇ ಪ್ರಶ್ನೆ ಕೇಳಿದ, ಅವಳು ಒಂದೇ ಉತ್ತರ ಕೊಟ್ಟಳು: "ಅವು ನಾಲ್ಕು ಬೇರೆ ಬೇರೆ ಕಥೆ ಮಾವ." ಅವನಿಗೆ ಅದು ತಲೆಗೆ ಹತ್ತಲಿಲ್ಲ.

ನಾಲ್ಕನೆಯ ಭಾನುವಾರವೂ ಕೇಳಿದ.

"ಅಲ್ಲಮ್ಮ, ಅದೆಲ್ಲ ಇರ್ಲಿ. ಆಸ್ಪತ್ರೆಲಿ ಸತ್ತೋಳು ಆಮೇಲೆ ಹೇಗೆ ಎದ್ದು ಬಂದ್ಲು?"

ಸೊಸೆ ಟೇಪಿನ ತುದಿಯನ್ನು ನೆಲಕ್ಕೆ ಇನ್ನಷ್ಟು ಒತ್ತಿ ಹಿಡಿದಳು.

"ಸತ್ತಿರ್ಲಿಲ್ಲ ಮಾವ. ಡಾಕ್ಟರು ಸರಿಯಾಗಿ ನೋಡ್ಲಿಲ್ಲ."

"ಹಾಗನ್ನು!" ಬಡಗಿಯ ಮುಖ ಅರಳಿತು. "ಹೊಟ್ಟೆ ಆಡ್ತಿತ್ತು, ನಾನೇ ನೋಡಿದೆ. ಆ ಕೊಡೆಕಳ್ಳನ ಕೈಗೆ ನಾಡಿ ಕೊಟ್ರೆ ಮತ್ತೇನಾಗುತ್ತೆ? ಆಮೇಲೆ? ಗಂಡನ ಮನೆಗೆ ಬಂದ್ಲಾ?"

"ಇರೋಕೆ ಬರ್ಲಿಲ್ಲ. ಆದ್ರೆ ಹೋಗಿ ಬಂದು ಮಾಡ್ತಿದ್ಲು." ಅವಳು ತಲೆಯೆತ್ತಿದಳು. "ಎಷ್ಟು ಬಂತು ಮಾವ ಅಳತೆ?"

ಟೇಪು ಇಪ್ಪತ್ತೆಂಟೂವರೆ ಇಂಚು ಎನ್ನುತ್ತಿತ್ತು. ಕಳೆದ ಮೂರು ಭಾನುವಾರವೂ ಅಷ್ಟೇ ಎಂದಿತ್ತು.

"ಗೊತ್ತಾಗ್ತಿಲ್ಲಮ್ಮ" ಎಂದ ಬಡಗಿ. "ಕನ್ನಡಕ ಮನೇಲಿ ಬಿಟ್ಟು ಬಂದೆ. ಮುಂದಿನ ವಾರ ನೋಡಬೇಕು."

ಕನ್ನಡಕ ಅವನ ಅಂಗಿಯ ಜೇಬಿನಲ್ಲಿತ್ತು. ಒಂದು ಕಡ್ಡಿ ಹೊರಗೆ ಇಣುಕುತ್ತಿತ್ತು. ಸೊಸೆ ಅದನ್ನು ನೋಡಿ, "ಆಗಲಿ ಮಾವ" ಎಂದು ಟೇಪು ಸುತ್ತಿ ಅವನ ಕೈಗೆ ಕೊಟ್ಟಳು.